ಕ್ಯಾಶ್ ವ್ಯಾನ್ ಕೆಲಸಕ್ಕೆ ಸೇರುವ ಮುಂಚೆ ಇದನ್ನು ಓದಿ

ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದ ಹುಡುಗರಿಗೆ ಬೇಗ ಸಿಗುವ ಕೆಲಸಗಳಲ್ಲಿ ಇದೂ ಒಂದು. ಎಟಿಎಂಗೆ ದುಡ್ಡು ತುಂಬುವ ಕಂಪನಿಯಲ್ಲಿ ಕಸ್ಟೋಡಿಯನ್, ಅಂದರೆ ಮಿಷನ್ ತೆರೆದು ದುಡ್ಡು ತುಂಬಿ ಲೆಕ್ಕ ಕೊಡುವವನು. ಪಿಎಫ್, ಇಎಸ್‌ಐ ಎಲ್ಲಾ ಇದೆ, ಬ್ಯಾಂಕ್ ಕೆಲಸ ಇದ್ದ ಹಾಗೇ ಅಂತ ಹೇಳಿ ಸೇರಿಸಿಕೊಳ್ಳುತ್ತಾರೆ. ನಾನು ಹಾಗೇ ಸೇರಿ, ಹೊಸಕೋಟೆ–ಮಾಲೂರು ರೂಟಿನಲ್ಲಿ ದುಡಿದು ಬಿಟ್ಟು ಬಂದವನು. ಕಂಪನಿ ಹೆಸರು ಬೇಡ. ಬೇರೆ ಕಂಪನಿಗಳಲ್ಲಿದ್ದ ಗೆಳೆಯರು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ.

ಕಳ್ಳರ ಭಯ ಎಲ್ಲರಿಗೂ ಗೊತ್ತಿರುವುದೇ. ಆದರೆ ದಿನಾ ನಿದ್ದೆ ಕೆಡಿಸುವುದು ಕಳ್ಳರಲ್ಲ, ಶಾರ್ಟೇಜ್. ಅಂದರೆ ಲೆಕ್ಕಕ್ಕಿಂತ ದುಡ್ಡು ಕಮ್ಮಿ ಬರುವುದು.

ಮಿಷನ್ ತೆರೆದ ಕೂಡಲೇ ಒಂದು ಸ್ಲಿಪ್ ತೆಗೆಯುತ್ತೇವೆ. ಯಾವ ಕ್ಯಾಸೆಟ್‌ನಿಂದ (ಮಿಷನ್ ಒಳಗೆ ನೋಟು ಇಡುವ ಪೆಟ್ಟಿಗೆ) ಎಷ್ಟು ನೋಟು ಹೋಗಿದೆ, ಎಷ್ಟು ಉಳಿದಿದೆ ಅಂತ ಅದರಲ್ಲಿ ಇರುತ್ತದೆ. ಉಳಿದ ನೋಟು, ಮಿಷನ್ ಹೊರಗೆ ಕೊಡದೆ ಪಕ್ಕದ ಡಬ್ಬಿಗೆ (ಪರ್ಜ್ ಬಿನ್) ಹಾಕಿದ ಮುದುಡಿದ ನೋಟು, ಎಲ್ಲಾ ಎಣಿಸಿದರೆ ಸ್ಲಿಪ್‌ಗೆ ತಾಳೆ ಆಗಬೇಕು. ಒಂದು ಶನಿವಾರ ಸಂಜೆ ಮಾಲೂರು ಕಡೆಯ ಎಟಿಎಂನಲ್ಲಿ ಐನೂರರ ಕ್ಯಾಸೆಟ್ ಎಣಿಸಿದರೆ 20 ನೋಟು ಕಮ್ಮಿ. ಅಂದರೆ 10,000 ರೂಪಾಯಿ. ಎಸಿ ಕೆಟ್ಟಿತ್ತು, ಶಟರ್ ಅರ್ಧ ಎಳೆದಿದ್ದೆವು, ಹೊರಗೆ ಜನ ಶಟರ್ ಬಡಿದು ‘ಎಷ್ಟೊತ್ರೀ’ ಅಂತ ಕೇಳುತ್ತಿದ್ದರು. ನನ್ನ ಜೊತೆಯವನು ಬೆವರು ಒರೆಸಿಕೊಂಡು ಮತ್ತೆ ಮತ್ತೆ ಎಣಿಸಿದ. ಅಷ್ಟೇ ಬಂತು. ನಮ್ಮ ಕಂಪನಿ ಬ್ರಾಂಚ್‌ಗೆ ಫೋನ್ ಮಾಡಿದರೆ ‘ಶಾರ್ಟೇಜ್ ಬರೆದು ಸೈನ್ ಹಾಕಿ, ಮುಂದಿನ ಮಿಷನ್‌ಗೆ ಹೋಗಿ’ ಅಂದರು, ಅಷ್ಟೇ.

ಆ ದುಡ್ಡು ಎಲ್ಲಿಗೆ ಬೇಕಾದರೂ ಹೋಗಿರಬಹುದು. ಬ್ಯಾಂಕಿನಿಂದ ಬಂದ ಕಟ್ಟಿನಲ್ಲೇ ಕಮ್ಮಿ ಇರಬಹುದು, ಮಿಷನ್ ಎರಡು ನೋಟು ಒಟ್ಟಿಗೆ ಕೊಟ್ಟಿರಬಹುದು, ಹಿಂದಿನ ಸಲ ಲೋಡ್ ಮಾಡಿದ ತಂಡದಲ್ಲೇ ತಪ್ಪಾಗಿರಬಹುದು. ಬ್ಯಾಂಕಿನ ಲೆಕ್ಕ, ಸಿಸಿಟಿವಿ ನೋಡಿದರೆ ಗೊತ್ತಾಗುತ್ತದೆ ಅಲ್ವಾ? ಅದನ್ನು ನಮಗೆ ತೋರಿಸಲೇ ಇಲ್ಲ. ತಿಂಗಳ ಕೊನೆಗೆ ಇಬ್ಬರ ಸಂಬಳದಲ್ಲೂ ಐದೈದು ಸಾವಿರ ಹಿಡಿದರು. ಒಂದು ಕಾಗದ ಕೂಡ ಕೊಡಲಿಲ್ಲ. ಕಾನೂನು ಹಾಗಿಲ್ಲ. ನಿಮ್ಮ ನಿರ್ಲಕ್ಷ್ಯದಿಂದಲೇ ದುಡ್ಡು ಹೋಗಿದ್ದರೆ ಮಾತ್ರ ಹಿಡಿಯಬಹುದು, ಅದಕ್ಕೂ ಮುಂಚೆ ನಿಮ್ಮ ಮಾತು ಕೇಳಬೇಕು, ಮತ್ತು ಎಲ್ಲಾ ಕಡಿತ ಸೇರಿ ಸಂಬಳದ ಅರ್ಧ ದಾಟಬಾರದು. ಇದು ಹುಡುಗರಿಗೆ ಗೊತ್ತಿರಲಿ ಅಂತಲೇ ಮುಖ್ಯವಾಗಿ ಬರೆಯುತ್ತಿದ್ದೇನೆ.

ಹೀಗೆ ಮಿಷನ್ ಎದುರು ನಿಂತು ನೋಟು ಎಣಿಸುವುದನ್ನು ತಪ್ಪಿಸಲು, ವಾಲ್ಟ್‌ನಲ್ಲೇ (ದುಡ್ಡು ಇಡುವ ಭದ್ರ ಕೋಣೆ) ಕ್ಯಾಸೆಟ್ ತುಂಬಿ ಬೀಗ ಹಾಕಿ ತಂದು, ಎಟಿಎಂನಲ್ಲಿ ಬರೀ ಬದಲಾಯಿಸಬೇಕು ಅಂತ ಆರ್‌ಬಿಐ 2018ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಗಡುವು ಮುಂದಕ್ಕೆ ಹೋಗಿ ಹೋಗಿ 2023ರ ಮಾರ್ಚ್‌ಗೆ ಬಂತು. ನನ್ನ ರೂಟಿನಲ್ಲಿ ಮಾತ್ರ ಕೊನೆವರೆಗೂ ಅದೇ ಕಟ್ಟು ಬಿಚ್ಚಿ ತುಂಬುವ ಕೆಲಸ.

ಕ್ಯಾಶ್ ವ್ಯಾನ್ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ನಿಯಮವೂ 2018ರದ್ದೇ. ವ್ಯಾನಿನಲ್ಲಿ ಡ್ರೈವರ್ ಜೊತೆ ಇಬ್ಬರು ಗನ್‌ಮ್ಯಾನ್, ಇಬ್ಬರು ಕಸ್ಟೋಡಿಯನ್ ಇರಬೇಕು. ಒಂದು ಟ್ರಿಪ್‌ಗೆ 5 ಕೋಟಿಗಿಂತ ಜಾಸ್ತಿ ಇರಬಾರದು. ಲೋಡಿಂಗ್ ಸಿಟಿಯಲ್ಲಿ ರಾತ್ರಿ 9ರ ನಂತರ ಇಲ್ಲ, ಹಳ್ಳಿ ಕಡೆ ಸಂಜೆ 6ರ ನಂತರ ಇಲ್ಲ. ಊಟ, ಟೀ ಹೊತ್ತಲ್ಲೂ ಕಡೇಪಕ್ಷ ಒಬ್ಬ ಗನ್‌ಮ್ಯಾನ್ ವ್ಯಾನ್ ಹತ್ತಿರವೇ ಇರಬೇಕು. ನಮ್ಮ ವ್ಯಾನಿನಲ್ಲಿ ಒಬ್ಬನೇ ಗನ್‌ಮ್ಯಾನ್, ವಯಸ್ಸಾದ ನಿವೃತ್ತ ಸೈನಿಕರು, ಪಾಪ ಒಳ್ಳೆಯವರು. ಅವರು ನಮ್ಮ ಜೊತೆ ಎಟಿಎಂ ಬಾಗಿಲಲ್ಲಿ ನಿಂತರೆ ವ್ಯಾನ್‌ಗೆ ಯಾರೂ ಇಲ್ಲ, ವ್ಯಾನ್ ಹತ್ತಿರ ನಿಂತರೆ ನಮಗೆ ಯಾರೂ ಇಲ್ಲ. ಮೂತ್ರಕ್ಕೆ ಹೋಗಬೇಕಾಗುತ್ತದೆ ಅಂತ ಅವರು ಮಧ್ಯಾಹ್ನದವರೆಗೆ ನೀರೇ ಕುಡಿಯುತ್ತಿರಲಿಲ್ಲ. ಮಾಲೂರು ಕಡೆ ಏಳು ಗಂಟೆಗೂ ಲೋಡ್ ಮಾಡಿದ್ದೇವೆ. ಮಿಷನ್ ಖಾಲಿ ಇದ್ದರೆ ಕಂಪನಿಗೆ ದಂಡ ಬೀಳುತ್ತದೆ, ಅದಕ್ಕೇ ಈ ಒತ್ತಡ.

2025ರ ಜನವರಿಯಲ್ಲಿ ಬೀದರ್‌ನಲ್ಲಿ ಏನಾಯಿತು ಅಂತ ನೋಡಿದ್ದೀರಿ. ಹಾಡಹಗಲು, ಬ್ಯಾಂಕ್ ಎದುರೇ, ಎಟಿಎಂಗೆ ದುಡ್ಡು ಒಯ್ಯುತ್ತಿದ್ದವರ ಮೇಲೆ ಗುಂಡು ಹಾರಿಸಿ ಪೆಟ್ಟಿಗೆ ಎತ್ತಿಕೊಂಡು ಹೋದರು. ನಮ್ಮಂಥ ಒಬ್ಬ ನೌಕರ ಸತ್ತ. ಅದೇ ವರ್ಷ ನವೆಂಬರ್‌ನಲ್ಲಿ ಬೆಂಗಳೂರಲ್ಲಿ ಆರ್‌ಬಿಐ ಅಧಿಕಾರಿಗಳು ಅಂತ ಹೇಳಿಕೊಂಡು ಬಂದವರು ವ್ಯಾನ್ ತಡೆದು 7 ಕೋಟಿಗೂ ಜಾಸ್ತಿ ದೋಚಿದರು. ಆ ಕೇಸಿನಲ್ಲಿ ಕ್ಯಾಶ್ ಕಂಪನಿಯ ಮಾಜಿ ನೌಕರನೊಬ್ಬನನ್ನೂ ಹಿಡಿದರು. ಇಂಥದ್ದು ನಡೆದಾಗಲೆಲ್ಲ ರೂಟ್ ಗೊತ್ತಿರುವ ಪ್ರತಿಯೊಬ್ಬನ ಮೇಲೂ ಅನುಮಾನ ಬರುತ್ತದೆ. ಕೆಲಸ ಬಿಟ್ಟವರೂ ಸ್ಟೇಷನ್‌ಗೆ ಹೋಗಿ ಕೂರಬೇಕಾಗುತ್ತದೆ.

ಇಷ್ಟಾದರೂ ಸೇರಲೇಬೇಕಾದ ಪರಿಸ್ಥಿತಿ ಇದ್ದರೆ, ಮೂಲ ಅಂಕಪಟ್ಟಿ ಮತ್ತು ಖಾಲಿ ಚೆಕ್ ಯಾವ ಕಾರಣಕ್ಕೂ ಕೊಡಬೇಡಿ. ಶಾರ್ಟೇಜ್ ಬಂದರೆ ಹೇಗೆ ತನಿಖೆ ಮಾಡುತ್ತಾರೆ ಅಂತ ಇಂಟರ್‌ವ್ಯೂನಲ್ಲೇ ಕೇಳಿ. ಮಾತು ತೇಲಿಸಿದರೆ ಎದ್ದು ಬನ್ನಿ. ಪ್ರತಿ ಸ್ಲಿಪ್‌ನ ನಕಲು ನಿಮ್ಮ ಹತ್ತಿರ ಇರಲಿ, ಮಿಷನ್ ತೆರೆಯುವ ನಿಮ್ಮ ಪಾಸ್‌ವರ್ಡ್ ಜೊತೆಯವನಿಗೂ ಹೇಳಬೇಡಿ. ಬಿಡುವಾಗ ಸುಮ್ನೆ ಕೀ ಕೊಟ್ಟು ಬರಬೇಡಿ. ನಿಮ್ಮ ರೂಟಿನ ಎಲ್ಲಾ ಮಿಷನ್‌ಗಳನ್ನೂ ಹೊಸಬರ ಎದುರು ತೆರೆದು, ಎಣಿಸಿ, ಲೆಕ್ಕ ಸರಿ ಇದೆ ಅಂತ ಸೈನ್ ತೆಗೆದುಕೊಳ್ಳಿ. ನಾನು ಇದನ್ನು ಹಟ ಮಾಡಿ ಮಾಡಿಸಿಕೊಂಡೆ. ಆಮೇಲೆ ಒಂದು ಮಿಷನ್‌ನಲ್ಲಿ ದುಡ್ಡು ಕಮ್ಮಿ ಇದೆ ಅಂತ ಫೋನ್ ಬಂದಾಗ ಆ ಕಾಗದದ ಫೋಟೋ ಕಳಿಸಿದೆ. ಮತ್ತೆ ಫೋನ್ ಬರಲಿಲ್ಲ.