ದೋಣಿ ಏಳುತ್ತಿಲ್ಲ ಎಂದು ರೆಕ್ಕೆ ಕಟ್ಟಿಸುವ ಮೊದಲು ತೂಕ ನೋಡಿ

ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ ತೆಗೆದುಕೊಂಡು, ಅದು ಸರಿಯಾಗಿ ಓಡದೆ ತಲೆಕೆಡಿಸಿಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ನವೆಂಬರ್‌ನಲ್ಲಿ ಉಡುಪಿ ಹತ್ತಿರದ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ನನ್ನ ಅಕ್ಕನ ಮಗ ನೀರಿಗೆ ಬಿದ್ದ. ಲೈಫ್ ಜಾಕೆಟ್ ಇದ್ದದ್ದಕ್ಕೆ ಉಳಿದ. ಅಲೆಯ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಮೂರು ತಿಂಗಳಿಂದ ಆ ದೋಣಿಗೆ ನಾವು ಮಾಡಿಸಿದ್ದ ರಿಪೇರಿಗಳೇ ಅವನನ್ನು ಬೀಳಿಸಿದ್ದು.

16 ಅಡಿ ದೋಣಿ, 25 ಎಚ್‌ಪಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಇಂಜಿನ್. ಹಂಗಾರಕಟ್ಟೆಯ ಹತ್ತಿರ ಹೊಳೆಯಲ್ಲಿ ನಾನೊಬ್ಬನೇ ಓಡಿಸಿ ನೋಡಿದಾಗ ಪರವಾಗಿಲ್ಲ ಅನ್ನಿಸಿ ದುಡ್ಡು ಕೊಟ್ಟೆ. ಭಾವ ಮತ್ತು ಅಳಿಯ ಹತ್ತಿದ ದಿನ ಅದರ ನಿಜ ಬಣ್ಣ ಗೊತ್ತಾಯಿತು. ಹ್ಯಾಂಡಲ್ ಪೂರ್ತಿ ತಿರುಗಿಸಿದರೂ ಮೂತಿ ಆಕಾಶ ನೋಡುತ್ತದೆ, ಹಿಂಬದಿ ನೀರಲ್ಲಿ ಹೂತು ಕೂರುತ್ತದೆ, ಮುಂದೆ ಏನಿದೆ ಎಂದೇ ಕಾಣುವುದಿಲ್ಲ. ದೋಣಿ ಓಡುವಾಗ ತನ್ನ ಮುಂದೆ ತಾನೇ ಒಂದು ಅಲೆ ಎಬ್ಬಿಸಿಕೊಳ್ಳುತ್ತದೆ. ಆ ಅಲೆಯನ್ನು ಹತ್ತಿ ನೀರಿನ ಮೇಲೆ ಜಾರತೊಡಗಿದರೆ ಅದೇ ಪ್ಲೇನಿಂಗ್. ಈ ಅಳತೆಯ ದೋಣಿಗೆ ಗಂಟೆಗೆ ಸುಮಾರು 9 ಕಿ.ಮೀ. ದಾಟುತ್ತಿದ್ದಂತೆ ಆ ಏರು ಶುರುವಾಗುತ್ತದೆ. ನಮ್ಮದು ಏರಿನಲ್ಲೇ ಸಿಕ್ಕಿಕೊಂಡಿರುತ್ತಿತ್ತು. ಪೆಟ್ರೋಲ್ ಮಾತ್ರ ನೀರಿನ ಹಾಗೆ ಖಾಲಿ.

ಒಬ್ಬ ಇಂಜಿನ್ ಮೆಕ್ಯಾನಿಕ್‌ಗೆ ತೋರಿಸಿದೆವು. ಅವರು ಯಾರು, ಎಲ್ಲಿಯವರು ಎಂಬುದು ಬೇಡ. ದೋಣಿಯನ್ನು ದಡಕ್ಕೆ ಎತ್ತಿ ಅಡಿ ನೋಡಲೇ ಇಲ್ಲ. 'ಫ್ಯಾನ್ ಸಣ್ಣದಾಯಿತು' ಎಂದು 11 ಇಂಚು ಪಿಚ್‌ನ ಪ್ರೊಪೆಲ್ಲರ್ ತೆಗೆದು 13ರದ್ದು ಹಾಕಿಸಿದರು. ಪಿಚ್ ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಎಷ್ಟು ಮುಂದೆ ಹೋಗಬೇಕೋ ಆ ದೂರ. ಇದು ತೀರಾ ಉಲ್ಟಾ ಕೆಲಸ. ಭಾರಕ್ಕೆ ಏದುಸಿರು ಬಿಡುವ ಇಂಜಿನ್‌ಗೆ ಪಿಚ್ ಕಡಿಮೆ ಮಾಡಬೇಕೇ ಹೊರತು ಏರಿಸಬಾರದು. ಪಿಚ್ ಒಂದು ಇಂಚು ಬದಲಾದರೆ 150ರಿಂದ 200 ಆರ್‌ಪಿಎಂ ಆಚೀಚೆ ಆಗುತ್ತದೆ. ಫುಲ್ ಥ್ರಾಟಲ್‌ನಲ್ಲಿ 5,000ದಿಂದ 6,000 ಮುಟ್ಟಬೇಕಿದ್ದ ನಮ್ಮ ಇಂಜಿನ್ 4,200 ದಾಟಲಿಲ್ಲ. ಆಮೇಲೆ ಇಂಜಿನ್‌ನ ಆಂಟಿ ವೆಂಟಿಲೇಶನ್ ಪ್ಲೇಟಿಗೆ, ಅಂದರೆ ಪ್ರೊಪೆಲ್ಲರ್ ಮೇಲಿರುವ ಚಪ್ಪಟೆ ತಟ್ಟೆಗೆ, ತೂತು ಕೊರೆದು ಪ್ಲಾಸ್ಟಿಕ್ ರೆಕ್ಕೆ, ಅಂದರೆ ಹೈಡ್ರೋಫಾಯಿಲ್, ಬಿಗಿದರು. ಅದೂ ಸಾಲದೆ ಮೂತಿಯಲ್ಲಿ ಎರಡು ಮರಳು ಚೀಲ. ಮೂತಿ ಇಳಿಯಿತು. ನಮಗೆ ಖುಷಿಯೋ ಖುಷಿ.

ಸ್ವರ್ಣಾ, ಸೀತಾ ಎರಡೂ ಸೇರಿ ಕಡಲಿಗೆ ಬೀಳುವ ಆ ಅಳಿವೆ ಬಾಗಿಲು ಇಳಿತದ ಹೊತ್ತಿಗೆ ಹೇಗಿರುತ್ತದೆ ಎಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲಿನ ಅಲೆ ಅದಕ್ಕೆ ಎದುರಾಗಿ ಗೋಡೆಯ ಹಾಗೆ ಏಳುತ್ತದೆ. ಸಂಜೆ ಗಾಳ ಹಾಕಿ ವಾಪಸ್ ಬರುತ್ತಿದ್ದೆವು, ಅಲೆ ನಮ್ಮ ಬೆನ್ನಿಗಿತ್ತು. ಒಂದು ಅಲೆ ಹಿಂಬದಿಯನ್ನು ಎತ್ತಿತು. ಮೊದಲೇ ರೆಕ್ಕೆ ಮತ್ತು ಮರಳು ಸೇರಿ ತಗ್ಗಿಸಿದ್ದ ಮೂತಿ ನೇರ ನೀರಿಗೆ ಹೂತಿತು. ಮೂತಿ ಹೂತ ದೋಣಿಗೆ ಆ ಮೂತಿಯೇ ಚುಕ್ಕಾಣಿ. ಹ್ಯಾಂಡಲನ್ನು ಎರಡೂ ಕೈಯಲ್ಲಿ ಎಳೆದರೂ ಕೇಳಲಿಲ್ಲ, ಸರ್ರನೆ ತಿರುಗಿ ಅಲೆಗೆ ಅಡ್ಡವಾಯಿತು. 'ಮಾವಾ' ಎಂದದ್ದು ಕೇಳಿಸಿತು, ತಿರುಗಿ ನೋಡುವಾಗ ಹುಡುಗ ಇರಲಿಲ್ಲ. ನಾನೂ ಸೀಟಿನಿಂದ ಎಗರಿ ಬಿದ್ದಿದ್ದೆ. ಮಣಿಕಟ್ಟಿಗೆ ಕಟ್ಟಿದ್ದ ಕಿಲ್ ಸ್ವಿಚ್ಚಿನ ಕೆಂಪು ಹಗ್ಗ ಕಿತ್ತು ಬಂದು ಇಂಜಿನ್ ನಿಂತಿತು. ಅವನು ತೇಲಿ ಬಂದದ್ದು ಪ್ರೊಪೆಲ್ಲರ್ ಇದ್ದ ಕಡೆಗೇ. ಆ ಹಗ್ಗವನ್ನು ತೊಡಕು ಎಂದು ಬಿಚ್ಚಿಡುವವರನ್ನು ಕಂಡರೆ ಈಗ ನನಗೆ ಸಿಟ್ಟು ಬರುತ್ತದೆ.

ಆಮೇಲೆ ಮಲ್ಪೆಯಲ್ಲಿ ಫೈಬರ್ ಕೆಲಸ ಮಾಡುವ ಹಿರಿಯರೊಬ್ಬರು ಬಂದರು. ಇಂಜಿನ್ ಮುಟ್ಟಲೇ ಇಲ್ಲ. ಮರದ ಸುತ್ತಿಗೆ ಹಿಡಿದು ಮುಂದಿನಿಂದ ಹಿಂದಕ್ಕೆ ಅಡಿಯನ್ನು ತಟ್ಟುತ್ತಾ ಹೋದರು. ಮುಂದೆ ಟಕ್ ಟಕ್, ನಡುವಿನಿಂದಾಚೆ ಧಪ್ ಧಪ್. 'ದೋಣಿ ನೀರು ಕುಡಿದದೆ ಮಾರಾಯ್ರೆ' ಎಂದು ನೆಲಹಾಸಿಗೆ ಬೆರಳು ಹೋಗುವಷ್ಟು ತೂತು ಕೊರೆದರು. ಚಹಾದ ಬಣ್ಣದ ನೀರು ಎರಡು ದಿನ ಸೋರಿತು. ತೇಲಲಿ ಎಂದು ಒಳಗೆ ತುಂಬಿಸಿದ್ದ ಫೋಮ್ ವರ್ಷಗಟ್ಟಲೆ ನೀರು ಹೀರಿಕೊಂಡಿತ್ತು. ಮುಷ್ಟಿಯಷ್ಟು ತುಂಡು ಹಿಂಡಿದರೆ ಸ್ಪಂಜಿನ ಹಾಗೆ ಇಳಿಯುತ್ತಿತ್ತು. ಬಿಚ್ಚುವ ಮೊದಲು ಟ್ರೈಲರ್ ಸಮೇತ ವೇ ಬ್ರಿಡ್ಜ್‌ನಲ್ಲಿ ತೂಗಿಸಿದ್ದೆವು, ಫೋಮ್ ತೆಗೆದು ಒಣಗಿಸಿ ಮತ್ತೆ ತೂಗಿಸಿದೆವು. 140 ಕೆಜಿ ಕಡಿಮೆ! ಇಬ್ಬರು ಆಳುಗಳನ್ನು ಹಿಂಬದಿಯಲ್ಲಿ ಕೂರಿಸಿಕೊಂಡು ಅಷ್ಟು ದಿನ ಓಡಿಸಿದ್ದೆವು. ಪ್ಲೇನಿಂಗ್‌ಗೆ ಒಂದು ಎಚ್‌ಪಿಗೆ ಒಟ್ಟು ತೂಕ ಸುಮಾರು 25 ಕೆಜಿ ಮೀರಬಾರದು ಎಂದು ಅಂದಾಜು ಹಾಕಿದರೆ, ಮೂರು ಜನ ಹತ್ತಿದ ನಮ್ಮ ದೋಣಿ ಆ ಗೆರೆ ದಾಟಿತ್ತು.

ಇನ್ನೊಂದು ತಪ್ಪು ಇಂಜಿನ್ ಕೂರಿಸಿದ್ದರಲ್ಲಿ. ರೆಕ್ಕೆ ಬಿಗಿದಿದ್ದ ಆ ಆಂಟಿ ವೆಂಟಿಲೇಶನ್ ಪ್ಲೇಟು ದೋಣಿಯ ತಳಕ್ಕೆ ಸಮ ಇರಬೇಕು, ಇಲ್ಲವೇ ಒಂದಿಂಚು ಮೇಲೆ. ನಮ್ಮದು ಎರಡು ಇಂಚು ಕೆಳಗಿತ್ತು, ಸುಮ್ಮನೆ ನೀರೆಳೆಯುತ್ತಿತ್ತು. ತೀರಾ ಮೇಲಾದರೂ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಹಿಡಿದು ಇಂಜಿನ್ ಕಿರುಚುತ್ತದೆ, ಹಾಗಾಗಿ ಅಳೆದೇ ಏರಿಸಿದೆವು. ಹಳೆಯ 11ರ ಪ್ರೊಪೆಲ್ಲರ್ ವಾಪಸ್ ಬಂತು, ರೆಕ್ಕೆ ಹೋಯಿತು, ಅದರ ತೂತುಗಳಿಗೆ ಎಪಾಕ್ಸಿ ತುಂಬಿಸಿದ್ದಾಯಿತು. ಈಗ ಮೂರು ಜನ ಕೂತರೂ ಏಳುತ್ತದೆ. ಇಂಜಿನ್ ಎಷ್ಟು ಓರೆ ಇರಬೇಕೆಂದು ಹೊಂದಿಸುವ ಟ್ರಿಮ್ ಪಿನ್ ಒಂದು ತೂತು ಹೆಚ್ಚು ಹೊರಗೆ ಹಾಕಿದರೆ ಮೂತಿ ಕುದುರೆಯ ಹಾಗೆ ಕುಣಿಯುತ್ತದೆ, ಒಳಗೆ ಹಾಕಿದರೆ ಸುಮ್ಮನಾಗುತ್ತದೆ.

ಕೊಳ್ಳುವವರಿಗೆ ಕೈಮುಗಿದು ಹೇಳುತ್ತೇನೆ, ದುಡ್ಡು ಕೊಡುವ ಮೊದಲು ತೂಗಿಸಿ. ಮಾರುವವರು ಬೇಡ ಎಂದರೆ ವಾಪಸ್ ಬನ್ನಿ. ಒಬ್ಬರೇ ಓಡಿಸಿ ನೋಡಿ ಒಪ್ಪಬೇಡಿ, ನಿಮ್ಮ ಮನೆಯವರು ಎಷ್ಟು ಜನ ಹತ್ತುತ್ತಾರೋ ಅಷ್ಟು ಜನ ಹತ್ತಿ. ದೋಣಿಯ ತಳದ ಹಿಂದಿನ ನಾಲ್ಕೈದು ಅಡಿಗೆ ನೇರವಾದ ಅಲ್ಯೂಮಿನಿಯಂ ಪೈಪ್ ಇಟ್ಟು ನಡುವೆ ಬೆಳಕು ಕಾಣುತ್ತದೆಯೇ ನೋಡಿ. ಅಲ್ಲಿ ಒಳಗೆ ಬಗ್ಗಿದ್ದರೆ ಓಡುವಾಗ ಮೂತಿ ತಾನಾಗಿ ತಗ್ಗುತ್ತದೆ, ಹೊರಗೆ ಉಬ್ಬಿದ್ದರೆ ಕುಣಿಯುತ್ತದೆ.

ನಮ್ಮ ದೋಣಿಯಲ್ಲಿ ಇಂಜಿನ್ ಕೂರುವ ಹಿಂದಿನ ಹಲಗೆಯ ಬಲಮೂಲೆ ತಟ್ಟಿದರೆ ಇನ್ನೂ ಸ್ವಲ್ಪ ಧಪ್ ಎನ್ನುತ್ತದೆ. ಒಳಗಿನ ಪ್ಲೈವುಡ್‌ಗೂ ನೀರು ಇಳಿದಿರಬೇಕು. ಮಳೆಗಾಲದಲ್ಲಿ ದೋಣಿ ಶೆಡ್ಡಿಗೆ ಹೋದ ಮೇಲೆ ಅದನ್ನು ಬಿಡಿಸುತ್ತೇವೆ. ಅಲ್ಲಿಯ ತನಕ ಅಳಿವೆ ದಾಟುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದೇನೆ.