“ಬೀಟಲ್ಸ್ ಬೇಸ್‌ನ ತಂಗಿ” ಅಂತ ಹಳೇ ಮುಸಿಮಾ ಗಿಟಾರ್ ಮಾರೋಕ್ ಬಂದ್ರೆ ಸ್ವಲ್ಪ ಹುಷಾರು

ಜರ್ಮನಿಲಿದ್ಕೊಂಡು ಬ್ಯಾಂಡು ಗಿಟಾರು ಅಂತ ಹುಚ್ಚು ಹತ್ತಿಸ್ಕೊಂಡಿರೋ ನಮ್ಮೋರಿಗೆ ಇದು. “ಪೂರ್ವ ಜರ್ಮನಿಯ ಮುಸಿಮಾ ಬೇಸ್ ಗಿಟಾರ್, 1963, ಫುಲ್ ಒರಿಜಿನಲ್, ಪೇಪರ್ ಸಮೇತ, ಬೀಟಲ್ಸ್ ಬೇಸ್ ಮಾಡಿದ ಕಂಪನಿಯ ಈಸ್ಟ್ ಬ್ರಾಂಚ್” ಅಂತ ಸೆಕೆಂಡ್ ಹ್ಯಾಂಡ್ ಜಾಹೀರಾತು ಕಂಡ್ರೆ ದುಡ್ಡು ಕಳ್ಸೋಕ್ ಮುಂಚೆ ಒಂದ್ಸಲ ಓದಿ. ನಂಗಂತೂ ನೀಟಾಗಿ ಟೋಪಿ ಹಾಕಿದ್ದಾನೆ ಆಸಾಮಿ.

ಮೊದ್ಲು ಈ ಬೀಟಲ್ಸ್ ಕಥೆ. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ತಗೊಂಡ ಪಿಟೀಲು ಆಕಾರದ ಬೇಸು ಹಾಫ್ನರ್ ಕಂಪನೀದು. ಹಾಫ್ನರ್ ಶುರುವಾಗಿದ್ದು 1887ರಲ್ಲಿ ಶ್ಯೋನ್‌ಬಾಖ್ ಅನ್ನೋ ಊರಲ್ಲಿ, ಅದು ಈಗ ಚೆಕ್ ದೇಶದಲ್ಲಿದೆ, ಹೆಸರು ಲೂಬಿ. ಎರಡನೇ ಮಹಾಯುದ್ಧ ಮುಗಿದ್ಮೇಲೆ ಅಲ್ಲಿದ್ದ ಜರ್ಮನ್ನರನ್ನೆಲ್ಲ ಓಡಿಸಿದ್ರಲ್ಲ, ಆಗ ವಾದ್ಯ ಮಾಡೋ ಮನೆತನಗಳು ಗಂಟುಮೂಟೆ ಕಟ್ಕೊಂಡು ಚೆಲ್ಲಾಪಿಲ್ಲಿಯಾದ್ವು, ಹಾಫ್ನರ್‌ನವರು ಬವೇರಿಯಾದ ಬುಬೆನ್‌ರಾಯ್ತ್ ಕಡೆ ಹೋದ್ರು ಅಂದ್ರೆ ಪಶ್ಚಿಮಕ್ಕೆ, ಇನ್ನು ಕೆಲವ್ರು ಗಡಿ ದಾಟಿ ಪಕ್ಕದಲ್ಲೇ ಇದ್ದ ಪೂರ್ವದ ಮಾರ್ಕ್‌ನಾಯ್ಕಿರ್ಖೆನ್ ಸುತ್ತಮುತ್ತ ಉಳ್ಕೊಂಡ್ರು. ಮುಸಿಮಾ ಇದೇ ಮಾರ್ಕ್‌ನಾಯ್ಕಿರ್ಖೆನ್‌ದು, 1950ರ ದಶಕದ ಆರಂಭದಲ್ಲಿ ಪೂರ್ವ ಜರ್ಮನಿ ಸರ್ಕಾರ ಕಟ್ಟಿದ ಫ್ಯಾಕ್ಟರಿ. ಊರೇನೋ ಸಾಮಾನ್ಯದ್ದಲ್ಲ, 1677ರಲ್ಲೇ ಅಲ್ಲಿ ಪಿಟೀಲು ಮಾಡೋರ ಸಂಘ ಇತ್ತು, ಅಮೆರಿಕದ ಮಾರ್ಟಿನ್ ಗಿಟಾರ್ ಶುರು ಮಾಡಿದ ಸಿ. ಎಫ್. ಮಾರ್ಟಿನ್ ಹುಟ್ಟಿದ್ದೂ ಅಲ್ಲೇ. ಕಸುಬಿನ ಮೂಲ ಒಂದೇ ಸೀಮೆದು ಅನ್ನಿ, ಒಪ್ಕೋತೀನಿ. ಆದ್ರೆ ಬ್ರಾಂಚೂ ಇಲ್ಲ ಗೀಂಚೂ ಇಲ್ಲ.

ಇನ್ನೂ ತಮಾಷೆ ಏನಂದ್ರೆ 1965ರಲ್ಲಿ ಪೂರ್ವ ಜರ್ಮನಿಯ ನಾಯಕ ಉಲ್‌ಬ್ರಿಖ್ಟ್ ಈ ಬೀಟಲ್ಸ್ ಥರದ “ಯೇ ಯೇ ಯೇ” ಸಂಗೀತ ಎಲ್ಲ ನಮಗ್ಯಾಕೆ ಅಂತ ಪಾರ್ಟಿ ಸಭೇಲೇ ಬೈದಿದ್ದ, ಅದೇ ವರ್ಷ ಲೈಪ್‌ಜಿಗ್‌ನಲ್ಲಿ ಬೀಟ್ ಬ್ಯಾಂಡ್‌ಗಳ ಪರ್ಮಿಷನ್ ಕಿತ್ಕೊಂಡಿದ್ರು. ಆ ಕಡೆ ಬೈಗುಳ, ಈ ಕಡೆ ಸರ್ಕಾರಿ ಫ್ಯಾಕ್ಟರೀಲೇ ಎಲೆಕ್ಟ್ರಿಕ್ ಗಿಟಾರ್ ತಯಾರಿ. ಅಂಥಾ ಕಾಲದ ವಸ್ತುಗೆ ಈಗ ಬೀಟಲ್ಸ್ ಹೆಸರು ಹಚ್ಚಿ ರೇಟ್ ಏರಿಸ್ತಾರೆ.

ಸರಿ, ಗಿಟಾರ್ ಬಂತು. ಹೊರಗಡೆ ನೋಡಿದ್ರೆ ಚೆನ್ನಾಗೇ ಇತ್ತು, ಕೆಂಪು ಕಪ್ಪು ಬಣ್ಣ, ಹಳೇ ಪಾಲಿಷ್, ಹೆಡ್ ಮೇಲೆ ಹೆಸರು. ತಂತಿ ಮಾತ್ರ ಮೇಲ್ಗಡೆ ಫ್ರೆಟ್‌ಗಳ (ಕತ್ತಿನ ಮೇಲಿನ ಲೋಹದ ಪಟ್ಟಿಗಳ) ಹತ್ರ ಬೆರಳು ತೂರೋಷ್ಟು ಎತ್ತರ. ನೆಕ್ಕು, ಅಂದ್ರೆ ಗಿಟಾರ್ ಕತ್ತು, ಬಗ್ಗಿದೆ, ಅಡ್ಜಸ್ಟ್ ಮಾಡ್ಸೋಣ ಅಂತ ಇಲ್ಲಿ ಒಬ್ರು ರಿಪೇರಿ ಅಜ್ಜನ ಹತ್ರ ಒಯ್ದೆ. ಅವ್ರು ನೆಕ್ ಬಿಚ್ಚೋಕೆ ಹಿಂದೆ ತಿರುಗಿಸಿದ್ದೇ ತಡ ನಕ್ರು. ನಾಲ್ಕೂ ಸ್ಕ್ರೂ ನಕ್ಷತ್ರದ ತೂತಿಂದು, ಈಗ ಹಾರ್ಡ್‌ವೇರ್ ಅಂಗಡೀಲಿ ಸಿಗೋವು, ಥಳಥಳ ಹೊಳೀತಿವೆ. ನೆಕ್ ಬುಡಕ್ಕೆ ಮರದ ಚಕ್ಕೆ ಇಟ್ಟು ಕೂರಿಸಿದ್ದಾರೆ, ಯಾಕಂದ್ರೆ ಅದು ಆ ಬಾಡಿದೇ ಅಲ್ಲ, ಬೇರೆ ಗಿಟಾರ್‌ದು. ಪಿಕಪ್ (ತಂತಿ ಸದ್ದು ಹಿಡಿಯೋ ಭಾಗ) ಎತ್ತಿದ್ರೆ ಕೆಳಗೆ ಹೊಸಾ ಬೆಸುಗೆ, ಹೊಸಾ ಪ್ಲಾಸ್ಟಿಕ್ ವೈರು. ಆ ಕಾಲದ ಪೂರ್ವ ಯುರೋಪಿನ ಎಷ್ಟೋ ಗಿಟಾರ್‌ಗಳಲ್ಲಿ ಈಗಿನ ಜಾಕ್ (ಕೇಬಲ್ ಚುಚ್ಚೋ ತೂತು) ಇರ್ತಿರ್ಲಿಲ್ಲ, ಹಳೇ ಟೇಪ್ ರೆಕಾರ್ಡರ್ ಹಿಂದೆ ಇರ್ತಿತ್ತಲ್ಲ ಆ ಥರ ದುಂಡಗಿನ ಪಿನ್ ಸಾಕೆಟ್ಟು. ನನ್ನದ್ರಲ್ಲಿ ಆ ತೂತನ್ನ ಪುಟ್ಟಿ ಹಾಕಿ ಮುಚ್ಚಿ, ಮೇಲೆ ಬಣ್ಣ ಬಳಿದು, ಪಕ್ಕದಲ್ಲಿ ಮಾಮೂಲಿ ಜಾಕ್ ಕೂರಿಸಿದ್ರು. ಉಗುರಲ್ಲಿ ಕೆರೆದ್ರೆ ಪುಡಿ ಉದುರ್ತದೆ. ಇದು ಫುಲ್ ಒರಿಜಿನಲ್ಲು!

ಆಮೇಲೆ ಆ ಪೇಪರು. ಗ್ಯಾರಂಟಿ ಕಾರ್ಡಿದು, ಅದನ್ನ ತೋರಿಸಿಯೇ ಅವ್ನು ಅಷ್ಟು ರೇಟ್ ಹೇಳಿದ್ದು. ಅಜ್ಜ ಕನ್ನಡಕ ಹಾಕ್ಕೊಂಡು ಬೆಲೆ ಮೇಲೆ ಬೆರಳಿಟ್ರು. ಪೂರ್ವ ಜರ್ಮನೀಲಿ ಸಾಮಾನಿಗೆ ಸರ್ಕಾರವೇ ಬೆಲೆ ಕಟ್ಟಿ ಪ್ರಿಂಟ್ ಮಾಡ್ತಿತ್ತು. ಆ ದುಡ್ಡನ್ನ, ಅಂದ್ರೆ ಮಾರ್ಕನ್ನ, 1964ರ ತನಕ ‘ಡಿಎಂ’ ಅಂತ ಬರೀತಿದ್ರು, ಆಮೇಲೆ 1967ರ ಕೊನೆ ತನಕ ‘ಎಂಡಿಎನ್’, 1968ರಿಂದ ಬರೀ ‘ಎಂ’. ನನ್ನ ಕಾರ್ಡಲ್ಲಿ ಬೆಲೆ ಮುಂದೆ ಒಂಟಿ ‘ಎಂ’. ಅಂದ್ಮೇಲೆ ಗಿಟಾರ್ 1963ರದ್ದಲ್ಲ, ಇಲ್ಲಾ ಕಾರ್ಡು ಈ ಗಿಟಾರ್‌ದಲ್ಲ. ಎರಡ್ರಲ್ಲಿ ಒಂದು ಸುಳ್ಳು, ಬಹುಶಃ ಎರಡೂ.

ಮಾರಿದವ್ನಿಗೆ ಮೆಸೇಜ್ ಹಾಕಿದ್ರೆ “ಪ್ರೈವೇಟ್ ಸೇಲ್, ವಾಪಸ್ ಇಲ್ಲ” ಅಂದ. ಇಲ್ಲಿ ಖಾಸಗಿಯಾಗಿ ಮಾರೋರು ಹಾಗೆ ಬರ್ಕೋಬಹುದು ನಿಜ, ಆದ್ರೆ ಗೊತ್ತಿದ್ದೂ ದೋಷ ಮುಚ್ಚಿಟ್ಟು ಮೋಸ ಮಾಡಿದ್ರೆ ಆ ಸಾಲಿಗೆ ಕಿಮ್ಮತ್ತಿಲ್ಲ, ಜರ್ಮನ್ ಸಿವಿಲ್ ಕೋಡ್‌ನ 444ನೇ ಸೆಕ್ಷನ್ನು. ಇದನ್ನ ನೆನಪಿಟ್ಕೊಳ್ಳಿ. ಪುಟ್ಟಿ, ಸ್ಕ್ರೂ, ಕಾರ್ಡು ಎಲ್ಲದರ ಫೋಟೋ ಜೊತೆ ಆ ಸೆಕ್ಷನ್ ನಂಬರ್ ಬರೆದು ಕಳ್ಸಿದ್ಮೇಲೆ ಎರಡು ವಾರ ಸುಮ್ನಿದ್ದು ಗಿಟಾರ್ ವಾಪಸ್ ತಗೊಂಡು ದುಡ್ಡು ಕೊಟ್ಟ, ಕೊರಿಯರ್ ಖರ್ಚು ಮಾತ್ರ ನನ್ನ ತಲೆ ಮೇಲೆ.

ಮುಸಿಮಾ ತಗೋಬೇಡಿ ಅಂತಲ್ಲ ನಾನು ಹೇಳೋದು, ಸದ್ದು ನಂಗಿಷ್ಟ, ಒಳ್ಳೇವು ಇವೆ. ನೆಕ್ ಬಿಚ್ಚಿದ ಫೋಟೋ, ಪಿಕಪ್ ಕೆಳಗಿನ ಫೋಟೋ ಕೇಳಿ, ಕೊಡಲ್ಲ ಅಂದ್ರೆ ಬಿಟ್ಬಿಡಿ. ಅದೇ ಗಿಟಾರ್ ಹೋದ ವಾರ ಮತ್ತೆ ಮಾರಾಟಕ್ಕೆ ಬಂದಿದೆ, ಅದೇ 1963, ಅದೇ ಬೀಟಲ್ಸ್, ಗ್ಯಾರಂಟಿ ಕಾರ್ಡಿನ ಫೋಟೋನೂ ಇದೆ, ಬೆಲೆ ಇದ್ದ ಮೂಲೆ ಮಾತ್ರ ಕ್ರಾಪ್ ಆಗಿದೆ.