ಹಾವಿಗೆ ಬಿಸಿ, ನಾಯಿಗೆ ಮನೆ: ಹಲವು ಬಗೆ ಬಳಸಿ ನೋಡಿದ ಮೇಲೆ ನನ್ನ ಆಯ್ಕೆ

ಅಮೆರಿಕದ ಉತ್ತರ ಕೆರೊಲಿನಾದ ನಮ್ಮ ಮನೆಯಲ್ಲಿ ಎರಡು ಹಾವು, ಎರಡು ನಾಯಿ. ಹಾವುಗಳಲ್ಲಿ ಮಾಯಿ ಬಾಲ್ ಪೈಥಾನ್, ಅಂದರೆ ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು; ಕೆಂಚ ಕಾರ್ನ್ ಸ್ನೇಕ್, ವಿಷವಿಲ್ಲದ ಅಮೆರಿಕದ ಹಾವು. ನಾಯಿಗಳಲ್ಲಿ ಮುತ್ತ ಕೌಂಟಿ ಶೆಲ್ಟರ್‌ನಿಂದ, ಅಂದರೆ ಸ್ಥಳೀಯ ಆಡಳಿತದ ಪ್ರಾಣಿ ಆಶ್ರಯದಿಂದ ಬಂದವನು, ಸಿರಿ ಸ್ವಯಂಸೇವಕರ ರೆಸ್ಕ್ಯೂ ಗುಂಪಿನಿಂದ ಬಂದವಳು. ಇಲ್ಲಿನ ಕನ್ನಡದ ಮನೆಗಳಲ್ಲಿ ಮಕ್ಕಳು ಹಾವು ಬೇಕೆಂದು ಹಟ ಹಿಡಿದಾಗಲೋ, ನಾಯಿ ತರೋಣ ಎಂಬ ಮಾತು ಎದ್ದಾಗಲೋ ನನಗೆ ಫೋನ್ ಬರುತ್ತದೆ. ಹಾವಿನ ಬಿಸಿಗೆ ಮ್ಯಾಟಾ ಬಲ್ಬಾ, ನಾಯಿ ತರುವುದು ಶೆಲ್ಟರ್‌ನಿಂದಲಾ ರೆಸ್ಕ್ಯೂ ಗುಂಪಿನಿಂದಲಾ, ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ಎಲ್ಲಿರಬೇಕು, ಯಾವಾಗ ಹೊರಗೆ ಬರಬೇಕು ಎಂಬುದನ್ನು ಪ್ರಾಣಿಯ ಇಷ್ಟಕ್ಕೆ ಬಿಡುವ ವ್ಯವಸ್ಥೆ ಯಾವುದೋ, ನನ್ನ ಮತ ಅದಕ್ಕೆ.

ಊರಿನಲ್ಲಿದ್ದು ಓದುವವರಿಗೆ ಮೊದಲೇ ಒಂದು ಮಾತು. ಭಾರತದಲ್ಲಿ ನಾಗರ, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಿಗೂ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ನಾನು ಬರೆಯುತ್ತಿರುವುದು ಇಲ್ಲಿ ಸಾಕಣೆಯಲ್ಲೇ ಹುಟ್ಟಿದ ಹಾವುಗಳ ಬಗ್ಗೆ. ಕಾಡಿನಿಂದ ಹಿಡಿದು ತಂದ ಹಾವನ್ನು ಎಲ್ಲಿಯೂ, ಯಾರೂ ಕೊಳ್ಳಬಾರದು.

ಹಾವಿನ ವಿಷಯದಲ್ಲಿ ಮುಕ್ಕಾಲು ಪಾಲು ಪ್ರಶ್ನೆ ಬಿಸಿಯದ್ದೇ. ಮೈಬಿಸಿಯನ್ನು ಹಾವು ತಾನೇ ಹುಟ್ಟಿಸಿಕೊಳ್ಳಲಾರದು, ಹೊರಗಿನ ಬಿಸಿ ಸಾಲದಿದ್ದರೆ ನುಂಗಿದ್ದು ಅರಗುವುದಿಲ್ಲ. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ಬದಿ 31–33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 24–27 ಇರಬೇಕು. ಎಲ್ಲ ಕಡೆ ಒಂದೇ ಬಿಸಿ ಇಟ್ಟರೆ ಅದಕ್ಕೆ ಓಡಲು ಜಾಗವೇ ಉಳಿಯುವುದಿಲ್ಲ. ಕಾರ್ನ್ ಸ್ನೇಕ್ ಇದಕ್ಕಿಂತ ಸ್ವಲ್ಪ ತಂಪಿನಲ್ಲೂ ಹಾಯಾಗಿರುತ್ತದೆ. ಅಮೆರಿಕದ ಆಗ್ನೇಯ ರಾಜ್ಯಗಳೇ ಅದರ ತವರು.

ನಾನು ಬಳಸಿರುವುದು ಮೂರು ಬಗೆ: ಪೆಟ್ಟಿಗೆಯ ಕೆಳಗೆ ಇಡುವ ಹೀಟ್ ಮ್ಯಾಟ್, ಸೆರಾಮಿಕ್ ಬಲ್ಬ್, ಹ್ಯಾಲೋಜನ್ ಬಲ್ಬ್. ಮ್ಯಾಟ್ ಅಗ್ಗ, ವಿದ್ಯುತ್ತೂ ಕಡಿಮೆ ಸಾಕು, ಆದರೆ ಕಾಯಿಸುವುದು ನೆಲವನ್ನು ಮಾತ್ರ. ಚಳಿಗಾಲದಲ್ಲಿ ಪೆಟ್ಟಿಗೆಯೊಳಗಿನ ಗಾಳಿ ತಣ್ಣಗೇ ಉಳಿಯಿತು. ಮೇಲೆ ತೆಂಗಿನ ನಾರಿನ ಚೂರು ದಪ್ಪವಾಗಿ ಹಾಸಿದರೆ ಬಿಸಿ ಮೇಲಕ್ಕೆ ಬರುವುದಿಲ್ಲ, ಹಾವು ಬಿಸಿ ಹುಡುಕುತ್ತ ನಾರಿನ ಕೆಳಗೆ ತೂರಿ ಗಾಜಿಗೇ ಹೊಟ್ಟೆ ಒತ್ತಿ ಮಲಗುತ್ತದೆ. ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಆಗ ಅದರ ಹೊಟ್ಟೆಯನ್ನು ಸುಟ್ಟುಬಿಡಬಲ್ಲದು. ಸೆರಾಮಿಕ್ ಬಲ್ಬ್ ಬೆಳಕಿಲ್ಲದೆ ಗಾಳಿಯನ್ನು ಕಾಯಿಸುತ್ತದೆ. ರಾತ್ರಿಗೆ ಅದು ಒಳ್ಳೆಯದು, ಆದರೆ ತೇವವನ್ನೆಲ್ಲ ಹೀರಿಬಿಡುತ್ತದೆ. ಹ್ಯಾಲೋಜನ್ ಬಿಸಿಲಿನ ಹಾಗೆ ಮೇಲಿನಿಂದ ಬೀಳುತ್ತದೆ, ಅದರ ಅತಿಗೆಂಪು ಕಿರಣ ಚರ್ಮದಿಂದ ಒಳಕ್ಕೂ ಇಳಿಯುತ್ತದೆ. ಹ್ಯಾಲೋಜನ್ ಹಾಕಿದ ಮೇಲೆ ಕೆಂಚ ಬೆಳಗ್ಗೆ ಬೆಳಗ್ಗೆಯೇ ಕಲ್ಲಿನ ಮೇಲೆ ಬಂದು ಮೈ ಚಾಚುವುದು, ಸಾಕಷ್ಟು ಕಾದ ಮೇಲೆ ತಾನಾಗಿ ನೆರಳಿಗೆ ಸರಿಯುವುದು ಶುರುವಾಯಿತು. ಮ್ಯಾಟ್ ಇದ್ದಾಗ ಅದು ಹಗಲು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಹಾಗಾಗಿ ಈಗ ನಮ್ಮಲ್ಲಿ ಹಗಲು ಹ್ಯಾಲೋಜನ್, ಮಾಯಿಗೆ ಮಾತ್ರ ರಾತ್ರಿ ಸೆರಾಮಿಕ್. ಎರಡಕ್ಕೂ ಸುತ್ತ ಜಾಲರಿ ಇದೆ, ಇಲ್ಲದಿದ್ದರೆ ಹಾವು ಬಲ್ಬಿಗೇ ಸುತ್ತಿಕೊಳ್ಳುತ್ತದೆ. ಯಾವ ಬಗೆ ತಂದರೂ ಥರ್ಮೋಸ್ಟಾಟ್ ಬೇಕೇ ಬೇಕು. ಹ್ಯಾಲೋಜನ್‌ಗಾದರೆ ಬೆಳಕನ್ನು ಏರಿಸಿ ಇಳಿಸುವ ಡಿಮ್ಮಿಂಗ್ ಥರ್ಮೋಸ್ಟಾಟ್. ಹಣ ಉಳಿಸುವುದಿದ್ದರೆ ಅಲಂಕಾರದ ಗಿಡ ಬಳ್ಳಿಗಳಲ್ಲಿ ಉಳಿಸಿ, ಇದರಲ್ಲಿ ಬೇಡ. ಅಂಗಡಿಯಲ್ಲಿ ಸಿಗುವ ಬಿಸಿ ಕಲ್ಲನ್ನು, ಅಂದರೆ ಒಳಗೆ ತಂತಿ ಇರುವ ಹೀಟ್ ರಾಕ್ ಅನ್ನು, ಹೋಲಿಕೆಗೂ ಸೇರಿಸುವುದಿಲ್ಲ. ಅದರಿಂದ ಹಾವು ಸುಟ್ಟುಕೊಳ್ಳುವುದು ಉಂಟು.

ಗಾಜಿನ ಟ್ಯಾಂಕಾ, ಪಿವಿಸಿ ಪೆಟ್ಟಿಗೆಯಾ? ಕಾರ್ನ್ ಸ್ನೇಕ್‌ಗೆ ಗಾಜು ಸಾಕು. ಬಾಲ್ ಪೈಥಾನ್‌ಗೆ ಶೇಕಡಾ 60ರ ಆಸುಪಾಸು ತೇವ ಬೇಕು. ಜಾಲರಿ ಮುಚ್ಚಳದ ಗಾಜಿನ ಟ್ಯಾಂಕಿನಲ್ಲಿ, ಅದರಲ್ಲೂ ಮನೆಯ ಹೀಟರ್ ಓಡುವ ತಿಂಗಳುಗಳಲ್ಲಿ, ಎಷ್ಟು ನೀರು ಚಿಮುಕಿಸಿದರೂ ಅದು ನಿಲ್ಲುತ್ತಿರಲಿಲ್ಲ. ಮಾಯಿಯ ಪೊರೆ ಚೂರು ಚೂರಾಗಿ ಬಿಡುತ್ತಿತ್ತು. ನಾಲ್ಕು ಅಡಿ ಉದ್ದ, ಎರಡಡಿ ಅಗಲದ ಪಿವಿಸಿ ಪೆಟ್ಟಿಗೆಗೆ ಬಂದ ಮೇಲೆ ಪೊರೆ ಮೂತಿಯಿಂದ ಬಾಲದವರೆಗೆ, ಕಣ್ಣಿನ ಮೇಲಿನ ಪದರವೂ ಸೇರಿ, ಒಂದೇ ತುಂಡಾಗಿ ಕಳಚುತ್ತಿದೆ. ಕಣ್ಣಿನ ಪದರ ಉಳಿದುಕೊಂಡರೆ ಅದನ್ನು ಕೀಳಲು ಹೋಗಬೇಡಿ, ಸರೀಸೃಪ ನೋಡುವ ವೈದ್ಯರಿಗೆ ಬಿಡಿ. ಕೆಳಗೆ ಹಾಸಲು ಬಾಲ್ ಪೈಥಾನ್‌ಗೆ ತೆಂಗಿನ ನಾರಿನ ಚೂರು, ಕಾರ್ನ್ ಸ್ನೇಕ್‌ಗೆ ಆಸ್ಪೆನ್ ಮರದ ಹೊಟ್ಟು. ಸೀಡರ್ ಮರದ್ದು ಬೇಡವೇ ಬೇಡ, ಅದರ ಎಣ್ಣೆಯ ಆವಿ ಹಾವಿನ ಶ್ವಾಸಕೋಶಕ್ಕೆ ಕೆಟ್ಟದ್ದು.

ಅಡಗುತಾಣ ಎರಡಿರಲಿ, ಬಿಸಿ ಬದಿಗೊಂದು, ತಂಪಿನ ಬದಿಗೊಂದು. ಘಾನಾ, ಟೋಗೊ, ಬೆನಿನ್ ಕಡೆ ಬಾಲ್ ಪೈಥಾನ್‌ಗಳು ಹಗಲೆಲ್ಲ ಇಲಿಬಿಲಗಳಲ್ಲಿ, ಗೆದ್ದಲು ಹುತ್ತಗಳಲ್ಲಿ ಇರುವಂಥವು. ಅಡಗುತಾಣ ಒಂದೇ ಇದ್ದರೆ ಹಾವು ಬಿಸಿ ಬಿಟ್ಟು ಮರೆಯನ್ನು ಆರಿಸುತ್ತದೆ, ಬಿಸಿ ಸಾಲದೆ ಊಟ ಬಿಡುತ್ತದೆ. ನಾವೋ ಊಟ ಬಿಟ್ಟಿತೆಂದು ಗಾಬರಿಯಾಗಿ ಮತ್ತೆ ಮತ್ತೆ ಎತ್ತಿ ನೋಡುತ್ತೇವೆ, ಅದು ಇನ್ನಷ್ಟು ಮುದುಡುತ್ತದೆ. ಅಂದಹಾಗೆ, ಬಾಲ್ ಪೈಥಾನ್ ಚಳಿಗಾಲದಲ್ಲಿ ತಿಂಗಳುಗಟ್ಟಲೆ ತಿನ್ನದಿರುವುದೂ ಉಂಟು. ತೂಕ ಇಳಿಯದಿದ್ದರೆ ಸುಮ್ಮನಿರಿ.

ಊಟದಲ್ಲಿ ಜೀವಂತ ಇಲಿಯಾ, ಫ್ರೀಜ್ ಮಾಡಿದ್ದಾ ಎಂಬುದಕ್ಕೆ ಹೆಚ್ಚು ಮಾತು ಬೇಡ: ಫ್ರೀಜ್ ಮಾಡಿದ್ದು. ಜೀವಂತ ಇಲಿ ತಿರುಗಿ ಕಚ್ಚುತ್ತದೆ, ಹಾವಿನ ಕಣ್ಣೇ ಹೋಗಬಹುದು. ಫ್ರಿಜ್‌ನಲ್ಲಿಟ್ಟು ಕರಗಿಸಿ, ಪ್ಲಾಸ್ಟಿಕ್ ಚೀಲ ಸಮೇತ ಬಿಸಿನೀರಿನಲ್ಲಿಟ್ಟು, ಇಕ್ಕಳದಿಂದ ಕೊಡಿ. ಮೈಕ್ರೋವೇವ್ ಬೇಡ. ಸಸ್ಯಾಹಾರಿ ಮನೆಯಾದರೆ ಗ್ಯಾರೇಜಿಗೆ ಸಣ್ಣದೊಂದು ಬೇರೆ ಫ್ರೀಜರ್ ತನ್ನಿ. ಇಲಿ ಮುಟ್ಟುವುದೇ ಆಗದು ಎನ್ನುವವರು ಹಾವು ತರಬಾರದು. ಕಾರ್ನ್ ಸ್ನೇಕ್ 15–20 ವರ್ಷ, ಬಾಲ್ ಪೈಥಾನ್ 30 ವರ್ಷದವರೆಗೂ ಬದುಕುತ್ತದೆ. ನಾಗರಪಂಚಮಿಗೆ ಹಾಲಿಡಬಹುದಾ ಎಂದೂ ಕೇಳುತ್ತಾರೆ. ಇಡಬೇಡಿ, ಹಾವಿಗೆ ಹಾಲು ಅರಗದು. ಶುದ್ಧ ನೀರಿನ ಬಟ್ಟಲು ಸಾಕು.

ಇನ್ನು ನಾಯಿ. ಕೌಂಟಿ ಶೆಲ್ಟರ್‌ನಲ್ಲಿ ದತ್ತು ಬೇಗ ಆಗುತ್ತದೆ, ಶುಲ್ಕವೂ ಕಡಿಮೆ. ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ, ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತವೆ. ಆದರೆ ನಾಯಿಯ ಸ್ವಭಾವ ಅಲ್ಲಿ ತಿಳಿಯುವುದಿಲ್ಲ. ಬೊಗಳಾಟದ ನಡುವೆ, ಸಿಮೆಂಟ್ ನೆಲದ ಮೇಲೆ ದಿನ ಕಳೆಯುವ ನಾಯಿ ಒಂದೋ ಮೂಲೆ ಸೇರಿರುತ್ತದೆ, ಇಲ್ಲವೇ ಸರಳಿಗೆ ಹಾರುತ್ತಿರುತ್ತದೆ. ಮುತ್ತ ಮೂಲೆ ಸೇರಿದ್ದವನು, ಗೋಡೆಗೆ ಮುಖ ಮಾಡಿಕೊಂಡು. ಮನೆಯಲ್ಲಿ ನೆಲೆಗೊಂಡ ಮೇಲೆ ನೋಡಿದರೆ ಅವನಷ್ಟು ಮಾತಿನ ನಾಯಿ ಇನ್ನೊಂದಿಲ್ಲ. ತಳಿ ಎಂದು ಕಾರ್ಡಿನಲ್ಲಿ ಬರೆದದ್ದೂ ಬಹಳ ಸಲ ನೋಟದ ಅಂದಾಜು, ಅದರ ಮೇಲೆ ನಿರ್ಧಾರ ಬೇಡ.

ರೆಸ್ಕ್ಯೂ ಗುಂಪಿನ ದಾರಿ ಉದ್ದ. ಅರ್ಜಿ, ಮನೆ ನೋಡಲು ಬರುವ ಸ್ವಯಂಸೇವಕರು, ಬಾಡಿಗೆದಾರರಿಗೆ ಮಾಲೀಕರ ಒಪ್ಪಿಗೆ ಪತ್ರ, ಜೊತೆಗೆ ಹೆಚ್ಚಿನ ಶುಲ್ಕ. ಬದಲಿಗೆ ಸಿಗುವುದು ಬೆಲೆಬಾಳುವ ಮಾಹಿತಿ. ಸಿರಿ ಅದುವರೆಗೆ ಇದ್ದದ್ದು ಒಂದು ಫಾಸ್ಟರ್ ಮನೆಯಲ್ಲಿ, ಅಂದರೆ ದತ್ತು ಆಗುವವರೆಗೆ ನಾಯಿಯನ್ನು ನೋಡಿಕೊಳ್ಳುವವರ ಮನೆಯಲ್ಲಿ. ಆ ಮನೆಯಾಕೆ ಸಿರಿ ಗುಡುಗಿಗೆ ಹೆದರುತ್ತಾಳೆ, ಮಕ್ಕಳೊಡನೆ ಮೃದು, ಬೆಕ್ಕು ಕಂಡರೆ ಬೆನ್ನಟ್ಟುತ್ತಾಳೆ ಎಂದು ಒಂದೊಂದನ್ನೂ ಹೇಳಿಯೇ ಕಳಿಸಿದರು. ಎಲ್ಲವೂ ನಿಜವಾಗಿತ್ತು.

ಮೊದಲ ಸಲ ನಾಯಿ ತರುವ, ಚಿಕ್ಕ ಮಕ್ಕಳಿರುವ ಮನೆಗೆ ನಾನು ಹೇಳುವುದು ರೆಸ್ಕ್ಯೂ ಗುಂಪನ್ನೇ. ನಾಯಿ ಸಾಕಿ ಗೊತ್ತಿದ್ದವರು ಶೆಲ್ಟರ್‌ಗೇ ಹೋಗಿ. ಜಾಗ ಸಾಲದೆ ನಾಯಿಗಳಿಗೆ ದಯಾಮರಣ ಕೊಡುವುದು ಅಲ್ಲಿ. ಅಲ್ಲಿಂದ ನೀವು ಒಂದನ್ನು ಕರೆತಂದರೆ ಆ ಗೂಡು ಇನ್ನೊಂದಕ್ಕೆ ಸಿಗುತ್ತದೆ. ಕೆಲವು ಶೆಲ್ಟರ್‌ಗಳು ಮೊದಲು ಮನೆಯಲ್ಲಿ ಇಟ್ಟುಕೊಂಡು ನೋಡಿ ಆಮೇಲೆ ದತ್ತು ಪಡೆಯಲು ಬಿಡುತ್ತವೆ, ಕೇಳಿ ನೋಡಿ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಶೆಲ್ಟರ್, ರೆಸ್ಕ್ಯೂ ಎರಡೂ ಕಡೆ ತಪ್ಪದೆ ಕೇಳಬೇಕಾದ್ದು ಹಾರ್ಟ್‌ವರ್ಮ್ ಪರೀಕ್ಷೆಯ ಬಗ್ಗೆ. ಸೊಳ್ಳೆಯಿಂದ ಬರುವ ಈ ಹುಳು ಹೃದಯ, ಶ್ವಾಸಕೋಶದ ರಕ್ತನಾಳಗಳಲ್ಲಿ ಬೆಳೆಯುತ್ತದೆ. ಮುತ್ತನಿಗೆ ಇದು ಇದೆ ಎಂದು ಶೆಲ್ಟರ್‌ನವರು ಮೊದಲೇ ತಿಳಿಸಿದ್ದರು. ಮೊದಲು ಮಾತ್ರೆ, ಆಮೇಲೆ ಸೊಂಟದ ಸ್ನಾಯುವಿಗೆ ಇಂಜೆಕ್ಷನ್, ತಿಂಗಳುಗಟ್ಟಲೆ ಓಟವಿಲ್ಲ, ಆಟವಿಲ್ಲ. ಸತ್ತ ಹುಳುವಿನ ತುಣುಕು ಶ್ವಾಸಕೋಶಕ್ಕೆ ಅಡ್ಡ ಬರುವುದರಿಂದ ಆ ವಿಶ್ರಾಂತಿ ಔಷಧಿಯಷ್ಟೇ ಮುಖ್ಯ. ಇದೆ ಎಂದ ಮಾತ್ರಕ್ಕೆ ನಾಯಿಯನ್ನು ಬಿಟ್ಟು ಬರಬೇಡಿ, ಗುಣವಾಗುತ್ತದೆ. ಹುಳು ಇಲ್ಲದ ನಾಯಿಗೆ ಅದನ್ನು ತಡೆಯುವ ತಿಂಗಳಿಗೊಂದು ಮಾತ್ರೆ ತಪ್ಪಿಸಬೇಡಿ.

ಬಂದ ನಾಯಿಯನ್ನು ಇಡುವುದೆಲ್ಲಿ? ಮುತ್ತನಿಗೆ ಬಾಗಿಲು ತೆಗೆದಿಟ್ಟ ಕ್ರೇಟ್ (ನಾಯಿ ಮಲಗುವ ಪಂಜರ), ಸಿರಿಗೆ ಗೇಟ್ ಹಾಕಿದ ಸಣ್ಣ ಕೋಣೆ ಹಿಡಿಸಿತು. ಬೀಗ ಹಾಕಿದ ಕ್ರೇಟ್‌ನಲ್ಲಿ ಸಿರಿ ಹಲ್ಲಿನಿಂದ ಕಂಬಿ ಕಚ್ಚುತ್ತಿದ್ದಳು. ಹಾಗೆ ಮಾಡುವ ನಾಯಿಗೆ ಕ್ರೇಟ್ ರೂಢಿಯಾಗಲಿ ಎಂದು ಕಾಯಬಾರದು. ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವನ್ನು ಇಲ್ಲಿನವರು ಹೇಳುತ್ತಾರೆ: ಭಯ ಇಳಿಯಲು, ಮನೆಯ ಕ್ರಮ ಹಿಡಿಯಲು, ಇದು ನನ್ನದೆನಿಸಲು. ಲೆಕ್ಕ ಅಂದಾಜಿನದು, ಆದರೆ ಆ ಮೊದಲ ದಿನಗಳಲ್ಲಿ ಬಂಧುಬಳಗವನ್ನು ಕರೆದು ತೋರಿಸಬೇಡಿ. ನಮ್ಮ ಅಡುಗೆಮನೆಯಲ್ಲಿ ನಾಯಿಗೆ ವಿಷವಾಗುವುದು ಸಾಕಷ್ಟಿದೆ: ಕೇಸರಿಬಾತಿನ ಒಣದ್ರಾಕ್ಷಿ, ಹುಳಿ ಪಲ್ಯದ ಈರುಳ್ಳಿ, ಬೆಳ್ಳುಳ್ಳಿ. ಒಗ್ಗರಣೆ ಹಾಕದ ಮೊಸರನ್ನ ಸ್ವಲ್ಪ ಕೊಟ್ಟರೆ ತೊಂದರೆಯಿಲ್ಲ.

ಹಾವು ನಾಯಿ ಎರಡೂ ಇರುವ ಮನೆಯಲ್ಲಿ ಹಾವಿನ ಕೋಣೆಯ ಬಾಗಿಲು ಸದಾ ಮುಚ್ಚಿರಲಿ, ಪೆಟ್ಟಿಗೆಗೆ ಬೀಗವಿರಲಿ. ಅವೆರಡಕ್ಕೂ ಪರಿಚಯ ಮಾಡಿಸುವ ಅಗತ್ಯವೇ ಇಲ್ಲ. ಗಾಜಿಗೆ ಮೂಗೊತ್ತಿ ನಿಂತ ನಾಯಿ ಹಾವಿಗೆ ಬೇಟೆಗಾರನೇ. ಹಾವು ಮುಟ್ಟಿದ ಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಕಾರಣಕ್ಕೆ ಸೋಪು ಹಚ್ಚಿ ಕೈ ತೊಳೆಯಬೇಕು, ಮಕ್ಕಳಂತೂ ತಪ್ಪದೆ. ಬಾಡಿಗೆ ಮನೆಯಲ್ಲಿದ್ದರೆ ನಾಯಿಗೆ ಮಾತ್ರವಲ್ಲ, ಹಾವಿಗೂ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದೇ ಪ್ರಾಣಿಯನ್ನು ಮನೆಗೆ ತನ್ನಿ.